ಹೊಲದ ಮೇಲೆ ಹೈಟೆನ್ಷನ್ ಲೈನ್: ತಕರಾರು ಎಲ್ಲಿ, ಯಾವಾಗ, ಹೇಗೆ ಹೂಡಬೇಕು

ತಮ್ಮ ಜಮೀನಿನ ಮೇಲೆ ವಿದ್ಯುತ್ ಪ್ರಸರಣ ಮಾರ್ಗ ಹಾದುಹೋಗಲಿದೆ ಎಂಬುದು ಹೆಚ್ಚಿನ ರೈತರಿಗೆ ಗೊತ್ತಾಗುವುದು ಬದುವಿನ ಪಕ್ಕದಲ್ಲಿ ಬಣ್ಣ ಬಳಿದ ಗೂಟವೊಂದು ಕಂಡ ದಿನ. ಆ ಹೊತ್ತಿಗೆ ಸರ್ವೆ ಬಹುಪಾಲು ಮುಗಿದಿರುತ್ತದೆ, ಟವರುಗಳ ಜಾಗ ನಕ್ಷೆಯಲ್ಲಿ ಗುರುತಾಗಿರುತ್ತದೆ, ಗುತ್ತಿಗೆದಾರನಿಗೆ ಕಾರ್ಯಾದೇಶವೂ ಸಿಕ್ಕಿರುತ್ತದೆ. ಆಮೇಲೆ ಜೆಸಿಬಿಯ ಮುಂದೆ ಕುಳಿತು ನಡೆಸುವ ಪ್ರತಿಭಟನೆಗೆ ನೈತಿಕ ಬಲವಿದ್ದರೂ ಕಾನೂನಿನ ಬಲ ಕಡಿಮೆ. ಮಾರ್ಗ ಬರಬೇಕೋ ಬೇಡವೋ ಎಂಬ ವಾದದಲ್ಲಿ ಜಮೀನಿನ ಮಾಲೀಕ ಗೆಲ್ಲುವುದು ತೀರಾ ಅಪರೂಪ. ಮಾರ್ಗ ಎಲ್ಲಿ ಹಾದುಹೋಗಬೇಕು ಮತ್ತು ಅದಕ್ಕೆ ಎಷ್ಟು ಪರಿಹಾರ ಕೊಡಬೇಕು ಎಂಬ ವಾದಗಳಲ್ಲಿ, ಸರಿಯಾದ ಹೊತ್ತಿಗೆ ಸರಿಯಾದ ಕಾಗದ ಹಿಡಿದು ಹೋದವನು ಗೆದ್ದ ಉದಾಹರಣೆಗಳಿವೆ. ಈ ಮಾರ್ಗದರ್ಶಿ ಆ ಎರಡು ವಾದಗಳ ಕುರಿತದ್ದು.

ಮೊದಲು ತಿಳಿಯಬೇಕಾದದ್ದು: ಲೈನ್ ಯಾರದು, ಅವರಿಗೆ ಅಧಿಕಾರ ಎಲ್ಲಿಂದ ಬಂತು

ನಿಮ್ಮ ಹೊಲಕ್ಕೆ ಬಂದವರು ಹೇಳುವ ಹೆಸರು ಗುತ್ತಿಗೆದಾರನದ್ದಾಗಿರಬಹುದು, ಮಾರ್ಗದ ಒಡೆತನ ಬೇರೆ ಕಂಪನಿಯದ್ದಾಗಿರಬಹುದು. ರಾಜ್ಯದೊಳಗಿನ 66, 110, 220 ಮತ್ತು 400 ಕೆ.ವಿ. (ಕಿಲೋವೋಲ್ಟ್) ಮಾರ್ಗಗಳು ಸಾಮಾನ್ಯವಾಗಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮಕ್ಕೆ ಸೇರಿದವು. ಅಂತರರಾಜ್ಯ ಮಾರ್ಗಗಳನ್ನು ಕೇಂದ್ರ ಸರ್ಕಾರದ ಕಂಪನಿಯಾದ ಪವರ್ ಗ್ರಿಡ್ ಆಗಲಿ, ಸ್ಪರ್ಧಾತ್ಮಕ ಹರಾಜಿನಲ್ಲಿ ಗೆದ್ದ ಖಾಸಗಿ ಕಂಪನಿಯಾಗಲಿ ನಿರ್ಮಿಸುತ್ತದೆ; ಉಡುಪಿ–ಕಾಸರಗೋಡು 400 ಕೆ.ವಿ. ಮಾರ್ಗ ಎರಡನೆಯ ಬಗೆಯದು. ಹಾಗೆ ಗೆದ್ದ ಕಂಪನಿ ಆ ಒಂದು ಯೋಜನೆಗೆಂದೇ ಬೇರೆ ಹೆಸರಿನ ಸಂಸ್ಥೆಯೊಂದನ್ನು ಇಟ್ಟುಕೊಂಡಿರುವುದರಿಂದ, ಪತ್ರಿಕೆಯಲ್ಲಿ ಓದಿದ ಹೆಸರಿಗೂ ನೋಟಿಸಿನ ಹೆಸರಿಗೂ ಹೊಂದಾಣಿಕೆ ಇಲ್ಲದಿದ್ದರೆ ಗಾಬರಿಯಾಗಬೇಕಿಲ್ಲ. ಆದರೆ ಅರ್ಜಿಯಲ್ಲಿ ಎದುರುದಾರರನ್ನಾಗಿ ಯಾರನ್ನು ಹೆಸರಿಸಬೇಕು ಎಂಬುದು ಮಾತ್ರ ಖಚಿತವಾಗಿರಲೇಬೇಕು.

ಆದ್ದರಿಂದ ಮೊದಲ ದಿನವೇ ಲಿಖಿತವಾಗಿ ಕೇಳಬೇಕಾದ ದಾಖಲೆ ಒಂದಿದೆ: ವಿದ್ಯುತ್ ಕಾಯ್ದೆ, 2003ರ 164ನೇ ಕಲಮಿನ ಅಡಿಯಲ್ಲಿ ಸರ್ಕಾರ ಹೊರಡಿಸಿದ ಆದೇಶದ ಪ್ರತಿ. ಈ ಕಲಮಿನ ಮೂಲಕ ಸರ್ಕಾರವು, ಭಾರತೀಯ ಟೆಲಿಗ್ರಾಫ್ ಕಾಯ್ದೆ, 1885 ತಂತಿ ಇಲಾಖೆಗೆ ನೀಡಿದ್ದ ಅಧಿಕಾರವನ್ನು ವಿದ್ಯುತ್ ಪರವಾನಗಿದಾರರಿಗೆ ವಹಿಸಿಕೊಡಬಹುದು. ಟೆಲಿಗ್ರಾಂ ಸೇವೆ 2013ರಲ್ಲೇ ನಿಂತುಹೋಯಿತು. ಆದರೂ ತಂತಿ ಕಂಬ ನೆಡಲು ಬ್ರಿಟಿಷರು ಬರೆದ ಆ ನಿಯಮಗಳೇ ಇಂದು ನಿಮ್ಮ ತೋಟದಲ್ಲಿ 400 ಕೆ.ವಿ. ಟವರ್ ನಿಲ್ಲಿಸುತ್ತವೆ. ದೂರಸಂಪರ್ಕ ಕಾಯ್ದೆ, 2023 ಬಂದ ಮೇಲೆ ಹಳೆಯ ಕಾಯ್ದೆ ರದ್ದಾಯಿತಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಆ ದಾರಿ ಹಿಡಿಯಬೇಡಿ. 164ನೇ ಕಲಮಿನಡಿ ಹಾಕುವ ಪ್ರಸರಣ ಮಾರ್ಗಗಳಿಗೆ ಹಳೆಯ ಕಾಯ್ದೆಯ ಮೂರನೆಯ ಭಾಗ ಮುಂದುವರಿಯುತ್ತದೆ ಎಂದು ಹೊಸ ಕಾಯ್ದೆಯೇ ಹೇಳಿದೆ.

164ರ ಆದೇಶ ಇಲ್ಲದಿದ್ದರೆ ಚಿತ್ರವೇ ಬೇರೆ. ಆಗ ಪರವಾನಗಿದಾರರ ಕಾಮಗಾರಿ ನಿಯಮಗಳು, 2006 ಅನ್ವಯಿಸುತ್ತವೆ. ಅವುಗಳ 3ನೇ ನಿಯಮದಂತೆ ಮಾಲೀಕನ ಅಥವಾ ಸ್ವಾಧೀನದಲ್ಲಿರುವವನ ಪೂರ್ವ ಒಪ್ಪಿಗೆ ಬೇಕು, ಆತ ಒಪ್ಪದಿದ್ದರೆ ಜಿಲ್ಲಾ ದಂಡಾಧಿಕಾರಿಯವರ ಅಥವಾ ಅದಕ್ಕೆಂದು ಅಧಿಕಾರ ಪಡೆದವರ ಲಿಖಿತ ಅನುಮತಿ ಬೇಕು. ಊರಿನೊಳಗಿನ 11 ಕೆ.ವಿ. ಲೈನುಗಳ ಜಗಳದಲ್ಲಿ ಈ ವ್ಯತ್ಯಾಸವೇ ಎಷ್ಟೋ ಬಾರಿ ತೀರ್ಪನ್ನು ನಿರ್ಧರಿಸುತ್ತದೆ. ಆದರೆ ಅದೇ ನಿಯಮ, 164ರ ಅಡಿಯ ಅಧಿಕಾರಕ್ಕೆ ಇದರಿಂದ ಬಾಧೆಯಿಲ್ಲ ಎಂದೂ ಸೇರಿಸಿದೆ. ಹೀಗಾಗಿ ದೊಡ್ಡ ಟವರ್ ಲೈನುಗಳ ವಿಷಯದಲ್ಲಿ ‘ನನ್ನ ಒಪ್ಪಿಗೆ ಕೇಳಲಿಲ್ಲ’ ಎಂಬ ವಾದ ನಿಲ್ಲುವುದಿಲ್ಲ. ಛತ್ತೀಸಗಡದಲ್ಲಿ ತನ್ನ ಸುಣ್ಣದಕಲ್ಲು ಗಣಿ ಪ್ರದೇಶದ ಮೇಲೆ ಹಾದುಹೋದ ಮಾರ್ಗವನ್ನು ಪ್ರಶ್ನಿಸಿದ್ದ ಸೆಂಚುರಿ ಟೆಕ್ಸ್‌ಟೈಲ್ಸ್ ಕಂಪನಿಯ ವಿರುದ್ಧ ಪವರ್ ಗ್ರಿಡ್ ಹೂಡಿದ್ದ ಮೇಲ್ಮನವಿಯಲ್ಲಿ, ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಇದನ್ನು ಸ್ಪಷ್ಟಪಡಿಸಿತು. ಅಷ್ಟು ದೊಡ್ಡ ಕಂಪನಿಗೇ ಸಿಗದ ರಕ್ಷಣೆ ಎರಡು ಎಕರೆಯ ಹಿಡುವಳಿದಾರನಿಗೆ ಸಿಗುತ್ತದೆಂದು ಹೇಳಿ ಶುಲ್ಕ ತೆಗೆದುಕೊಳ್ಳುವ ವಕೀಲರಿಂದ ದೂರವಿರುವುದು ಒಳ್ಳೆಯದು.

ಸಿವಿಲ್ ನ್ಯಾಯಾಲಯದಲ್ಲಿ ತಡೆಯಾಜ್ಞೆಗೆ ದಾವೆ ಹೂಡುವುದೂ ಈಗ ಕಷ್ಟ. ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ಸೇರಿಸಿದ 41(ಎಚ್‌ಎ) ಕಲಮಿನಂತೆ, ಮೂಲಸೌಕರ್ಯ ಯೋಜನೆಯ ಪ್ರಗತಿಗೆ ಅಡ್ಡಿಯಾಗುವ ಅಥವಾ ವಿಳಂಬ ತರುವ ನಿರ್ಬಂಧಕಾಜ್ಞೆಯನ್ನು ನೀಡುವಂತಿಲ್ಲ, ಮತ್ತು ಅದರ ಅನುಸೂಚಿಯಲ್ಲಿ ವಿದ್ಯುತ್ ಪ್ರಸರಣ ಸೇರಿದೆ.

ಮಾರ್ಗ ಬದಲಾವಣೆಯ ತಕರಾರು

ಮಾರ್ಗವನ್ನು ಬದಲಿಸಬಹುದಾದ ಕಾಲ ಚಿಕ್ಕದು. ಯೋಜನೆಯು ಯಾವ ಯಾವ ಗ್ರಾಮಗಳ ಮೂಲಕ ಹಾದುಹೋಗುತ್ತದೆ ಎಂಬ ಪ್ರಕಟಣೆ ಪತ್ರಿಕೆಗಳಲ್ಲಿ ಬಂದಾಗ ಅದರಲ್ಲಿ ಆಕ್ಷೇಪಣೆಗೆ ಗಡುವು ಕೊಟ್ಟಿರುತ್ತಾರೆ. ಅಂಥ ಪ್ರಕಟಣೆಯಲ್ಲಿ ಸರ್ವೆ ನಂಬರುಗಳಿರದೆ ಗ್ರಾಮಗಳ ಹೆಸರಷ್ಟೇ ಇರುವುದು ಸಾಮಾನ್ಯವಾದ್ದರಿಂದ, ನಿಮ್ಮ ಊರಿನ ಹೆಸರು ಕಂಡರೆ ಸಾಕು, ಆಕ್ಷೇಪಣೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಮಾರ್ಗದ ನಕ್ಷೆ, ಟವರುಗಳ ಕ್ರಮಸಂಖ್ಯೆ, ಸರ್ವೆ ನಂಬರುವಾರು ಪಟ್ಟಿ ಮತ್ತು ಪರಿಶೀಲಿಸಿದ ಬದಲಿ ಮಾರ್ಗಗಳ ವಿವರಗಳನ್ನು ಮಾಹಿತಿ ಹಕ್ಕಿನಡಿ ಜಿಲ್ಲಾಧಿಕಾರಿ ಕಚೇರಿ ಹಾಗೂ ಪ್ರಸರಣ ನಿಗಮದಿಂದ ಕೇಳಬಹುದು. ಖಾಸಗಿ ಕಂಪನಿ ನೇರವಾಗಿ ಆ ಕಾಯ್ದೆಗೆ ಒಳಪಡುವುದಿಲ್ಲವೆಂದು ಹೇಳಿದರೂ, ಅದು ಸರ್ಕಾರಿ ಕಚೇರಿಗೆ ಕೊಟ್ಟಿರುವ ಕಾಗದಗಳು ಆ ಕಚೇರಿಯಿಂದ ಸಿಗುತ್ತವೆ.

ಆಕ್ಷೇಪಣೆಯಲ್ಲಿ ‘ಲೈನ್ ಬೇಡ’ ಎಂದು ಬರೆದರೆ ಓದುವವರಿಗೆ ಮಾಡಲು ಏನೂ ಉಳಿಯುವುದಿಲ್ಲ. ‘ಸರ್ವೆ ನಂಬರ್ ಇಂತಿಷ್ಟರ ಟವರನ್ನು ಉತ್ತರಕ್ಕೆ 40 ಮೀಟರ್ ಸರಿಸಿದರೆ ಅದು ಸರ್ಕಾರಿ ಬೀಳಿನ ಮೇಲೆ ನಿಲ್ಲುತ್ತದೆ, ತಿರುವಿನ ಕೋನ ಹೆಚ್ಚಾಗುವುದಿಲ್ಲ, ಕೊಳವೆಬಾವಿ ಉಳಿಯುತ್ತದೆ’ ಎಂದು ಬರೆದು ಗ್ರಾಮ ನಕ್ಷೆಯ ಮೇಲೆ ಗೆರೆ ಎಳೆದು ಕೊಟ್ಟರೆ ಎಂಜಿನಿಯರ್ ಅದನ್ನು ತಳ್ಳಿಹಾಕಲು ಕಾರಣ ಬರೆಯಬೇಕಾಗುತ್ತದೆ. ತಿರುವಿನ ಜಾಗದಲ್ಲಿ ನಿಲ್ಲುವ ಟವರು ನೇರ ಸಾಲಿನ ಟವರಿಗಿಂತ ಭಾರವಾದದ್ದು, ದುಬಾರಿಯೂ ಹೌದು. ಹಾಗಾಗಿ ಹೊಸ ತಿರುವನ್ನು ತರುವ ಸಲಹೆಗಿಂತ, ಎರಡು ತಿರುವುಗಳ ನಡುವಿನ ನೇರ ಗೆರೆಯಲ್ಲೇ ಟವರನ್ನು ಹಿಂದೆ ಮುಂದೆ ಸರಿಸಿ ಬದುವಿನ ಮೇಲೆ ನಿಲ್ಲಿಸುವ ಸಲಹೆಗೆ ಬೆಲೆ ಹೆಚ್ಚು. ಇನ್ನೊಂದು ಮಾತನ್ನೂ ಹೇಳಬೇಕು: ನಿಮ್ಮ ಸಲಹೆಯ ಗೆರೆ ಪಕ್ಕದವರ ತೋಟದ ಮೇಲೆ ಬೀಳುವುದಾದರೆ, ಅವರ ಹೆಸರಿನ ಆಕ್ಷೇಪಣೆಯೊಂದು ಮರುವಾರವೇ ಅದೇ ಕಡತಕ್ಕೆ ಸೇರುತ್ತದೆ. ಊರಿನವರೆಲ್ಲ ಮೊದಲು ಒಂದೆಡೆ ಕೂತು, ಎಲ್ಲರಿಗೂ ಆಗಬಹುದಾದ ಒಂದೇ ಗೆರೆಯನ್ನು ಒಪ್ಪಿಕೊಂಡು ಕೊಟ್ಟ ಮನವಿಯ ತೂಕ ಬೇರೆ.

ಜಿಲ್ಲಾಧಿಕಾರಿಯವರ ಮುಂದೆ

ನೀವು ಕೆಲಸಕ್ಕೆ ಅಡ್ಡಿಪಡಿಸಿದರೆ ಕಂಪನಿಯು ಟೆಲಿಗ್ರಾಫ್ ಕಾಯ್ದೆಯ 16(1)ನೇ ಕಲಮಿನಡಿ ಜಿಲ್ಲಾ ದಂಡಾಧಿಕಾರಿಗೆ, ಅಂದರೆ ನಮ್ಮಲ್ಲಿ ಜಿಲ್ಲಾಧಿಕಾರಿಗೆ, ಅರ್ಜಿ ಹಾಕುತ್ತದೆ. ಅವರ ಆದೇಶವಿಲ್ಲದೆ ಪೊಲೀಸ್ ಬಂದೋಬಸ್ತಿನಲ್ಲಿ ಒಳನುಗ್ಗಿದರೆ, ಆ ದಿನದ ವೀಡಿಯೊ ಮತ್ತು ಸ್ಥಳದಲ್ಲಿದ್ದವರ ಹೆಸರುಗಳನ್ನು ದಾಖಲಿಸಿಟ್ಟು ಹೈಕೋರ್ಟಿನ ರಿಟ್ ಅರ್ಜಿಗೆ ಆಧಾರವಾಗಿಸಬಹುದು. ನೋಟಿಸು ಬಂದರೆ ವಿಚಾರಣೆಗೆ ಹೋಗದೆ ಇರಬೇಡಿ. ಗೈರುಹಾಜರಾದವರ ವಿರುದ್ಧ ಎರಡು ಸಾಲಿನ ಆದೇಶ ಸಾಕಾಗುತ್ತದೆ. ಹಾಜರಾಗಿ ಲಿಖಿತ ಹೇಳಿಕೆ ಕೊಟ್ಟವರ ವಿಷಯದಲ್ಲಿ ಆದೇಶಕ್ಕೆ ಕಾರಣ ಬೇಕು, ಕಾರಣವಿಲ್ಲದ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು.

ಇಲ್ಲಿ ಜಿಲ್ಲಾಧಿಕಾರಿಯವರ ಪಾತ್ರದ ಮಿತಿಯನ್ನು ಅರಿತಿರಬೇಕು. ಅಡ್ಡಿಯನ್ನು ನಿವಾರಿಸಿ ಕೆಲಸಕ್ಕೆ ಅನುಮತಿ ಕೊಡಬೇಕೋ ಬೇಡವೋ ಎಂಬುದಷ್ಟೇ 16(1)ರ ಪ್ರಶ್ನೆ. ಪರಿಹಾರದ ಮೊತ್ತ ಸಾಲದು ಎಂಬ ತಗಾದೆಯನ್ನು ಈ ಕಲಮಿನಡಿ ತೀರ್ಮಾನಿಸುವ ಅಧಿಕಾರ ಅವರಿಗಿಲ್ಲ. ಆದರೂ ವಿಚಾರಣೆಯಲ್ಲಿ ಮೂರು ಬೇಡಿಕೆಗಳನ್ನು ಇಡುವುದು ಉಪಯುಕ್ತ: ಕೆಲಸಕ್ಕೆ ಮೊದಲು ಜಂಟಿ ಸಮೀಕ್ಷೆಯಾಗಬೇಕು, ಬೆಳೆ ಕಟಾವಿನವರೆಗೆ ಕಾಲಾವಕಾಶ ಬೇಕು, ನಿಗದಿಯಾದ ಪರಿಹಾರವನ್ನು ಮೊದಲೇ ಠೇವಣಿ ಇಡಬೇಕು. ಆದೇಶಕ್ಕೆ ಷರತ್ತುಗಳನ್ನು ಸೇರಿಸಿದರೆ ಕಂಪನಿಗೂ ದೊಡ್ಡ ನಷ್ಟವಿಲ್ಲದ ಕಾರಣ ಇವು ಸಿಗುವ ಸಾಧ್ಯತೆ ಇದೆ. ಆದೇಶವಾದ ಮೇಲೂ ಅಡ್ಡಿಪಡಿಸಿದರೆ 16(2)ರಂತೆ ಅದು ಅಪರಾಧ; ಹಳೆಯ ದಂಡ ಸಂಹಿತೆಯ 188ನೇ ಕಲಮಿನ ಜಾಗದಲ್ಲಿ ಈಗ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಮು ಇದೆ.

ಲೆಕ್ಕ: ಎಷ್ಟು ಜಮೀನು, ಎಷ್ಟು ಪರಿಹಾರ

ಟೆಲಿಗ್ರಾಫ್ ಕಾಯ್ದೆಯ 10ನೇ ಕಲಮು ಕಂಪನಿಗೆ ಕೊಡುವುದು ಬಳಕೆಯ ಹಕ್ಕನ್ನು ಮಾತ್ರ. ಜಮೀನು ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ, ಪಹಣಿಯಲ್ಲಿ ಮಾಲೀಕತ್ವ ಬದಲಾಗುವುದಿಲ್ಲ. ಇದು ಭೂಸ್ವಾಧೀನವಲ್ಲ ಎಂಬ ಮಾತನ್ನು ಕಂಪನಿಯವರು ಸಮಾಧಾನಕ್ಕೆ ಹೇಳುತ್ತಾರೆ. ಅದೇ ಮಾತು ಪರಿಹಾರವನ್ನು ಕಡಿಮೆ ಮಾಡಲು ಬಳಕೆಯಾಗುವುದರಿಂದ ಅದನ್ನು ಕೇಳಿ ಸಂತೋಷಪಡಬೇಕಾಗಿಲ್ಲ. ಆದರೆ ಅದೇ ಕಲಮು, ಸಾಧ್ಯವಾದಷ್ಟು ಕಡಿಮೆ ಹಾನಿ ಮಾಡಬೇಕು ಮತ್ತು ಆದ ಹಾನಿಗೆ ಹಿತಾಸಕ್ತಿಯುಳ್ಳ ಎಲ್ಲರಿಗೂ ಪೂರ್ಣ ಪರಿಹಾರ ಕೊಡಬೇಕು ಎನ್ನುತ್ತದೆ. ‘ಎಲ್ಲರಿಗೂ’ ಎಂಬುದರಲ್ಲಿ ಪಹಣಿಯ ಮಾಲೀಕನಲ್ಲದೆ ಗೇಣಿದಾರ, ಗುತ್ತಿಗೆಗೆ ಬೆಳೆ ಹಾಕಿದವ, ಭಾಗವಾಗದ ಆಸ್ತಿಯ ಸಹಪಾಲುದಾರರೂ ಬರುತ್ತಾರೆ. ಕರಾವಳಿಯ ಕುಮ್ಕಿಯಲ್ಲೋ ಕೊಡಗಿನ ಬಾಣೆಯಲ್ಲೋ (ಸಾಗುವಳಿ ಜಮೀನಿಗೆ ಹೊಂದಿಕೊಂಡು ರೈತರು ಬಳಸುವ ಜಾಗಗಳಿವು) ಮರ ಬೆಳೆಸಿದವರು ಪಹಣಿಯಲ್ಲಿ ಹೆಸರಿಲ್ಲವೆಂದು ಸುಮ್ಮನಿರದೆ, ತಮ್ಮ ಹಿತಾಸಕ್ತಿಯನ್ನು ಪ್ರತ್ಯೇಕವಾಗಿ ದಾಖಲಿಸಿ ಕೇಳಬೇಕು.

ಕೇಂದ್ರ ಇಂಧನ ಸಚಿವಾಲಯವು 66 ಕೆ.ವಿ. ಮತ್ತು ಮೇಲ್ಪಟ್ಟ ಟವರ್ ಮಾರ್ಗಗಳಿಗೆ ಮಾರ್ಗಸೂಚಿಗಳನ್ನು ಹೊರಡಿಸಿದೆ. 2015ರ ಅಕ್ಟೋಬರಿನ ಮಾರ್ಗಸೂಚಿಯಂತೆ ಟವರಿನ ತಳದ ಜಾಗಕ್ಕೆ ಭೂಮೌಲ್ಯದ ಶೇ. 85, ತಂತಿಯ ಕೆಳಗಿನ ಕಾರಿಡಾರಿಗೆ ಗರಿಷ್ಠ ಶೇ. 15. 2024ರ ಜೂನ್ 14ರ ಮಾರ್ಗಸೂಚಿ ಇವನ್ನು ಕ್ರಮವಾಗಿ ಶೇ. 200 ಮತ್ತು ಶೇ. 30ಕ್ಕೆ ಏರಿಸಿತು. ತಳದ ಜಾಗವನ್ನು ಅಳೆಯುವಾಗ ನಾಲ್ಕು ಕಾಲುಗಳ ಆಚೆ ಪ್ರತಿ ಬದಿಗೆ 1 ಮೀಟರ್ ಸೇರಿಸಬೇಕೆಂದೂ ಹೇಳಿತು. 2025ರ ಮಾರ್ಚಿನ ಪೂರಕ ಮಾರ್ಗಸೂಚಿ ಅಂತರರಾಜ್ಯ ಮಾರ್ಗಗಳಿಗಾಗಿ ಮಾರುಕಟ್ಟೆ ದರ ಸಮಿತಿಯ ವ್ಯವಸ್ಥೆ ತಂದು, ಕಾರಿಡಾರಿನ ಪ್ರಮಾಣವನ್ನು ಗ್ರಾಮಾಂತರದಲ್ಲಿ ಶೇ. 30, ಪುರಸಭೆಗಳಂಥ ಪಟ್ಟಣ ಪ್ರದೇಶಗಳಲ್ಲಿ ಶೇ. 45, ಮಹಾನಗರ ಪಾಲಿಕೆಗಳಲ್ಲಿ ಶೇ. 60 ಎಂದು ವಿಂಗಡಿಸಿತು. ರಾಜ್ಯದೊಳಗಿನ ಮಾರ್ಗಕ್ಕೆ ರಾಜ್ಯ ಸರ್ಕಾರ ಅಳವಡಿಸಿಕೊಂಡ ಆದೇಶವೇ ಅನ್ವಯಿಸುವುದರಿಂದ, ನಿಮ್ಮ ಮಾರ್ಗಕ್ಕೆ ಯಾವ ಆದೇಶದ ಯಾವ ಶೇಕಡಾವಾರು ಹಿಡಿದಿದ್ದಾರೆ ಎಂದು ಜಿಲ್ಲಾಧಿಕಾರಿ ಕಚೇರಿಯಿಂದ ಬರಹದಲ್ಲಿ ಪಡೆಯಿರಿ. ಹಳೆಯ ದರದ ಚೆಕ್ ಹೊಸ ಆದೇಶ ಬಂದ ಮೇಲೂ ಬರೆಯಲಾಗುತ್ತದೆ, ಕೇಳದವನಿಗೆ ಅದೇ ಸಿಗುತ್ತದೆ.

ಕಾರಿಡಾರಿನ ಅಗಲ ಸಾಮಾನ್ಯವಾಗಿ 66 ಕೆ.ವಿ.ಗೆ 18 ಮೀಟರ್, 110 ಕೆ.ವಿ.ಗೆ 22, 220 ಕೆ.ವಿ.ಗೆ 35, 400 ಕೆ.ವಿ.ಗೆ 46 ಮೀಟರ್. ಒಂದು ಲೆಕ್ಕ ಹಾಕೋಣ. 400 ಕೆ.ವಿ. ಮಾರ್ಗ ನಿಮ್ಮ ಜಮೀನಿನಲ್ಲಿ 100 ಮೀಟರ್ ಉದ್ದಕ್ಕೆ ಹಾದುಹೋಗುತ್ತದೆ, ಎಕರೆಯ ಮೌಲ್ಯ 20 ಲಕ್ಷ ರೂಪಾಯಿ ಎಂದುಕೊಳ್ಳಿ. ಕಾರಿಡಾರ್ 4,600 ಚದರ ಮೀಟರ್, ಎಂದರೆ 1 ಎಕರೆ 5 ಗುಂಟೆಗಿಂತ ತುಸು ಹೆಚ್ಚು. ಶೇ. 15ರಂತೆ ಸುಮಾರು 3.4 ಲಕ್ಷ, ಶೇ. 30ರಂತೆ ಸುಮಾರು 6.8 ಲಕ್ಷ. ಕಾಲುಗಳ ನಡುವೆ 15 ಮೀಟರ್ ಅಂತರವಿರುವ ಟವರಿಗೆ ಹಳೆಯ ಕ್ರಮದಲ್ಲಿ 225 ಚದರ ಮೀಟರಿಗೆ ಶೇ. 85, ಅಂದರೆ 95 ಸಾವಿರಕ್ಕೂ ಕಡಿಮೆ. ಹೊಸ ಕ್ರಮದಲ್ಲಿ 289 ಚದರ ಮೀಟರಿಗೆ ಶೇ. 200, ಅಂದರೆ ಸುಮಾರು 2.85 ಲಕ್ಷ. ಬೆಳೆ ಮತ್ತು ಮರಗಳ ಪರಿಹಾರ ಇದರ ಹೊರಗೆ, ಬೇರೆಯಾಗಿಯೇ ಬರಬೇಕು.

ಎಲ್ಲಕ್ಕಿಂತ ದೊಡ್ಡ ನಷ್ಟವಾಗುವುದು ಮಲೆನಾಡು ಮತ್ತು ಕರಾವಳಿಯ ಅಡಿಕೆ, ತೆಂಗಿನ ತೋಟಗಳಲ್ಲಿ. ರಾಗಿ, ಭತ್ತ, ತರಕಾರಿಯ ಹೊಲದಲ್ಲಿ ತಂತಿಯ ಕೆಳಗೆ ಬೇಸಾಯ ಮುಂದುವರಿಯುತ್ತದೆ. ಅಡಿಕೆ ತೋಟದಲ್ಲಿ 46 ಮೀಟರಿನ ಪಟ್ಟೆ ಪೂರ್ತಿ ಬೋಳಾಗುತ್ತದೆ. 2.7 ಮೀಟರ್ ಅಂತರದಲ್ಲಿ ನೆಟ್ಟ ತೋಟವಾದರೆ ಮೇಲೆ ಹೇಳಿದ 100 ಮೀಟರಿನಲ್ಲಿ ಸುಮಾರು 630 ಮರ ಉರುಳುತ್ತವೆ. ಅಷ್ಟಕ್ಕೇ ಮುಗಿಯುವುದಿಲ್ಲ: ನೆರಳು ಹೋದ ಮೇಲೆ ಅಂಚಿನಲ್ಲಿ ಉಳಿದ ಸಾಲುಗಳ ಕಾಂಡಗಳಿಗೆ ಪಡುವಣದ ಬಿಸಿಲು ನೇರವಾಗಿ ಬಡಿದು ಸುಟ್ಟ ಗಾಯವಾಗುತ್ತದೆ, ಆಮೇಲೆ ಮರ ಸೊರಗುತ್ತದೆ. ಈ ನಷ್ಟ ಕಾರಿಡಾರಿನ ಹೊರಗಿನದಾದ್ದರಿಂದ ಮಹಜರಿನಲ್ಲಿ ಯಾರೂ ತಾವಾಗಿ ಬರೆಯುವುದಿಲ್ಲ. ಕಾಯ್ದೆ ಹೇಳುವುದು ‘ಆದ ಹಾನಿ’ ಎಂದೇ ಹೊರತು ಕಾರಿಡಾರಿನೊಳಗಿನ ಹಾನಿ ಎಂದಲ್ಲ. ತೋಟಗಾರಿಕೆ ಇಲಾಖೆಯ ಅಧಿಕಾರಿಯಿಂದ ಈ ಬಗ್ಗೆ ವರದಿ ಪಡೆದು ಪ್ರತ್ಯೇಕ ಶೀರ್ಷಿಕೆಯಡಿ ಕೇಳಿ. ಮುರಿದ ಹನಿ ನೀರಾವರಿ ಕೊಳವೆ, ಕ್ರೇನ್ ಓಡಾಡಿ ಗಟ್ಟಿಯಾದ ಗದ್ದೆ, ತುಂಡಾದ ಬಸಿಗಾಲುವೆ ಇವೂ ಹಾಗೆಯೇ.

ಕಡಿಯುವ ಮೊದಲು ಸಾಕ್ಷ್ಯ

ಮರ ಬಿದ್ದ ಮೇಲೆ ಅದರ ವಯಸ್ಸನ್ನು ಸಾಬೀತು ಮಾಡುವುದು ಕಷ್ಟ. ನೋಟಿಸು ಬಂದ ವಾರದಲ್ಲೇ ಮರಗಳಿಗೆ ಬಣ್ಣದಲ್ಲಿ ಕ್ರಮಸಂಖ್ಯೆ ಬರೆದು, ದಿನಾಂಕ ಮತ್ತು ಸ್ಥಳದ ಗುರುತು ಬರುವಂತೆ ಫೋಟೋ, ವೀಡಿಯೊ ತೆಗೆದಿಡಿ. ಪಹಣಿಯ ಬೆಳೆ ಕಾಲಮಿನಲ್ಲಿ ಅಡಿಕೆ ಇದ್ದೂ ‘ಖುಷ್ಕಿ’ ಎಂದೋ ಭತ್ತ ಎಂದೋ ನಮೂದಾಗಿದ್ದರೆ ಕೂಡಲೇ ತಿದ್ದುಪಡಿಗೆ ಅರ್ಜಿ ಹಾಕಿ. ನ್ಯಾಯಾಲಯದಲ್ಲಿ ಎದುರು ವಕೀಲರು ಮೊದಲು ತೋರಿಸುವುದು ಆ ಕಾಲಮನ್ನೇ. ಸಹಕಾರ ಸಂಘಕ್ಕೆ ಅಡಿಕೆ ಹಾಕಿದ ಬಿಲ್ಲುಗಳು, ಬೆಳೆ ಸಾಲ ಮತ್ತು ಬೆಳೆ ವಿಮೆಯ ದಾಖಲೆಗಳು, ಭೂಮಾಪನದ ದಾಖಲೆಗಳಾದ ಆಕಾರ್‌ಬಂದ್, ಟಿಪ್ಪಣಿ, ಹದ್ದುಬಸ್ತಿನ ನಕ್ಷೆ, ಮತ್ತು ಅಕ್ಕಪಕ್ಕದ ಸರ್ವೆ ನಂಬರುಗಳಲ್ಲಿ ಕಳೆದ ಮೂರು ವರ್ಷಗಳಲ್ಲಿ ನೋಂದಣಿಯಾದ ಕ್ರಯಪತ್ರಗಳ ದೃಢೀಕೃತ ಪ್ರತಿಗಳು ಒಂದು ಕಡತದಲ್ಲಿರಲಿ.

ಜಂಟಿ ಮಹಜರಿಗೆ ಸಹಿ ಹಾಕುವ ಮೊದಲು ಪೂರ್ತಿ ಓದಿ, ಖಾಲಿ ಜಾಗಗಳನ್ನು ಹೊಡೆದುಹಾಕಿಸಿ, ಪ್ರತಿ ಪಡೆಯಿರಿ. ಎಣಿಕೆಗೆ ಒಪ್ಪಿಗೆಯಿಲ್ಲದಿದ್ದರೆ ಸಹಿಯ ಮೇಲೆಯೇ ‘ಆಕ್ಷೇಪಣೆಗೆ ಒಳಪಟ್ಟು’ ಎಂದು ಬರೆಯಿರಿ. ಚೆಕ್ ಪಡೆಯುವಾಗಲೂ ಹೀಗೆಯೇ. ‘ಪೂರ್ಣ ಮತ್ತು ಅಂತಿಮ ಪರಿಹಾರ ಪಡೆದಿದ್ದೇನೆ, ಮುಂದೆ ಯಾವ ತಕರಾರೂ ಇಲ್ಲ’ ಎಂಬ ಅಚ್ಚಾದ ಒಪ್ಪಿಗೆ ಪತ್ರಕ್ಕೆ ಸಹಿ ಬಿದ್ದರೆ ಮುಂದಿನ ಬಾಗಿಲು ಅರ್ಧ ಮುಚ್ಚಿದಂತೆ. ಹಣ ಪಡೆಯುವುದು ತಪ್ಪಲ್ಲ. ‘ಹೆಚ್ಚಿನ ಪರಿಹಾರ ಕೇಳುವ ಹಕ್ಕನ್ನು ಕಾಯ್ದಿರಿಸಿ ಪಡೆದಿದ್ದೇನೆ’ ಎಂದು ಬರೆದು ಪಡೆದರಾಯಿತು. ನನ್ನ ಬಳಿಗೆ ಬರುವ ಪ್ರಕರಣಗಳಲ್ಲಿ ಹಾಳಾದವುಗಳ ಮೂಲ ಹೆಚ್ಚಾಗಿ ಜೀಪಿನ ಬಾನೆಟ್ಟಿನ ಮೇಲೆ ಇಟ್ಟು ಹಾಕಿದ ಒಂದು ಸಹಿ.

ಜಿಲ್ಲಾ ನ್ಯಾಯಾಲಯದ ಅರ್ಜಿ

ಪರಿಹಾರ ಸಾಲದು ಎನಿಸಿದರೆ ಟೆಲಿಗ್ರಾಫ್ ಕಾಯ್ದೆಯ 16(3)ನೇ ಕಲಮಿನಡಿ ಜಮೀನು ಇರುವ ಜಿಲ್ಲೆಯ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಸಲ್ಲಿಸಬೇಕು. ಕಾಲಮಿತಿ ಮೂರು ವರ್ಷ. ಕೇರಳ ವಿದ್ಯುತ್ ಮಂಡಳಿಯ ಮರ ಕಡಿತಕ್ಕೆ ಸಂಬಂಧಿಸಿದ ಕುಂಞಾಲಿಉಮ್ಮ ಪ್ರಕರಣದಲ್ಲಿ, ಇಂಥ ಅರ್ಜಿಗೂ ಕಾಲಮಿತಿ ಕಾಯ್ದೆಯ 137ನೇ ಅನುಚ್ಛೇದ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು 1976ರಲ್ಲೇ ಹೇಳಿದೆ. ಕಚೇರಿಗೆ ಮನವಿ ಕೊಟ್ಟು ‘ಪರಿಶೀಲಿಸುತ್ತೇವೆ’ ಎಂಬ ಉತ್ತರ ಕಾಯುತ್ತ ಕೂತರೆ ಗಡುವು ನಿಲ್ಲುವುದಿಲ್ಲ.

ಮೌಲ್ಯದ ಬಗ್ಗೆ ಆಧಾರವಾಗುವ ತೀರ್ಪು 2007ರದ್ದು, ಅದೂ ಕೇರಳ ಮಂಡಳಿಯದ್ದೇ, ಲಿವಿಷಾ ಪ್ರಕರಣ. ಜಮೀನು ಇರುವ ಸ್ಥಳ, ಮಾರ್ಗದಿಂದ ಇರುವ ದೂರ, ಮಾರ್ಗ ಎಷ್ಟು ಉದ್ದಕ್ಕೆ ಹಾದಿದೆ, ಅಂಚಿನಲ್ಲಿ ಹೋಗಿದೆಯೋ ಜಮೀನನ್ನು ನಡುವೆಯೇ ಸೀಳಿದೆಯೋ, ಇವೆಲ್ಲವನ್ನೂ ನೋಡಬೇಕು, ಎಲ್ಲ ಪ್ರಕರಣಗಳಿಗೂ ಒಂದೇ ಸೂತ್ರ ಹೊಂದದು ಎಂದು ಕೋರ್ಟು ಹೇಳಿತು. ಫಲ ಕೊಡುವ ಮರಗಳ ವಾರ್ಷಿಕ ನಿವ್ವಳ ಆದಾಯವನ್ನು ಎಂಟರಿಂದ ಗುಣಿಸುವ ಕ್ರಮ 2002ರ ಸತ್ಯಗೋಪಾಲ ರಾಯ್ ಪ್ರಕರಣದಿಂದ ಬಂದದ್ದು. ಅದು ಆರಂಭದ ಅಂಕಿಯಷ್ಟೇ. ನಿಮ್ಮ ಅರ್ಜಿಯಲ್ಲಿ ಜಮೀನಿನ ಮೌಲ್ಯ ಕುಸಿತ, ಮರಗಳ ಆದಾಯ, ಅಂಚಿನ ಸಾಲುಗಳ ನಷ್ಟ, ಕಟ್ಟಡ ಕಟ್ಟಲಾಗದ ನಿರ್ಬಂಧ ಮತ್ತು ಬಡ್ಡಿ, ಪ್ರತಿಯೊಂದೂ ಬೇರೆ ಬೇರೆ ಮೊತ್ತವಾಗಿ ಇರಲಿ. ಕೃಷಿ ಜಮೀನಾದರೂ ಪಟ್ಟಣದಂಚಿನಲ್ಲಿದ್ದು ಭೂಪರಿವರ್ತನೆಯ ಸಾಧ್ಯತೆಯುಳ್ಳದ್ದಾದರೆ ಅದಕ್ಕೆ ಕ್ರಯಪತ್ರಗಳೇ ಸಾಕ್ಷಿ, ಬಾಯಿಮಾತಲ್ಲ.

ಅಣ್ಣತಮ್ಮಂದಿರ ನಡುವೆ ಪಾಲಿನ ಜಗಳವಿದ್ದರೆ 16(4)ರಂತೆ ಕಂಪನಿ ಹಣವನ್ನು ಅದೇ ನ್ಯಾಯಾಲಯದಲ್ಲಿ ಠೇವಣಿ ಇಡಬಹುದು. ಜಿಲ್ಲಾ ನ್ಯಾಯಾಧೀಶರ ತೀರ್ಮಾನ ಅಂತಿಮ ಎಂದು 16(5) ಹೇಳುವುದರಿಂದ ಸಾಮಾನ್ಯ ಮೇಲ್ಮನವಿ ಇಲ್ಲ. ಉಳಿಯುವುದು ಸಂವಿಧಾನದ 227ನೇ ವಿಧಿಯಡಿ ಹೈಕೋರ್ಟಿನ ಮೇಲ್ವಿಚಾರಣಾ ಅಧಿಕಾರ, ಅಲ್ಲಿ ಸಾಕ್ಷ್ಯವನ್ನು ಹೊಸದಾಗಿ ತೂಗುವುದಿಲ್ಲ. ಅಂದಮೇಲೆ ಸಾಕ್ಷ್ಯವೆಲ್ಲ ಮೊದಲ ಸುತ್ತಿನಲ್ಲೇ ಬರಬೇಕು.

ಲೈನ್ ನಿಂತ ಮೇಲೆ

ಟೆಲಿಗ್ರಾಫ್ ಕಾಯ್ದೆಯಲ್ಲಿ ಹೆಚ್ಚು ಜನರಿಗೆ ತಿಳಿಯದ ಕಲಮು 17ನೆಯದು. ಲೈನ್ ನಿಂತು ವರ್ಷಗಳಾದ ಮೇಲೆ, ನಿಮ್ಮ ಜಮೀನನ್ನು ಬೇರೆ ರೀತಿ ಬಳಸಲು ಅದನ್ನು ಅದೇ ಜಮೀನಿನ ಇನ್ನೊಂದು ಭಾಗಕ್ಕೆ ಸರಿಸುವ ಅಥವಾ ಎತ್ತರಿಸುವ ಅಗತ್ಯ ಬಿದ್ದರೆ, ಲಿಖಿತವಾಗಿ ಕೇಳಬಹುದು. ಈ ಹಿಂದೆ ಪರಿಹಾರ ಪಡೆದಿದ್ದರೆ, ಸ್ಥಳಾಂತರದ ವೆಚ್ಚ ಅಥವಾ ಪಡೆದ ಪರಿಹಾರದ ಅರ್ಧ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮುಂದಿಡಬೇಕು. ಕಂಪನಿ ಸ್ಪಂದಿಸದಿದ್ದರೆ ಜಿಲ್ಲಾ ದಂಡಾಧಿಕಾರಿಗೆ ಅರ್ಜಿ. ಒಪ್ಪುವುದೂ ತಿರಸ್ಕರಿಸುವುದೂ ಷರತ್ತು ಹಾಕುವುದೂ ಅವರ ವಿವೇಚನೆ, ಅವರ ಆದೇಶವೇ ಅಂತಿಮ. 400 ಕೆ.ವಿ. ಟವರನ್ನು ಸರಿಸಲು ಸುಲಭವಾಗಿ ಒಪ್ಪಲಾರರು. ಆದರೆ ಮನೆ ಕಟ್ಟಲು ಅಡ್ಡವಾದ 66 ಕೆ.ವಿ. ಲೈನಿನ ಒಂದು ಕಂಬದ ವಿಷಯದಲ್ಲಿ, ಪೂರ್ತಿ ಸ್ಥಳಾಂತರ ವೆಚ್ಚ ಕಟ್ಟಿ ಎಂಬ ಕಚೇರಿಯ ಅಂದಾಜುಪಟ್ಟಿ ಕೈಗೆ ಬಂದಾಗ, ಹಣ ಕಟ್ಟುವ ಮೊದಲು ಹಳೆಯ ಪರಿಹಾರದ ರಸೀದಿಯನ್ನು ಹುಡುಕಿ ತೆಗೆದು ಈ ಕಲಮನ್ನು ಉಲ್ಲೇಖಿಸಿ ಉತ್ತರ ಬರೆಯಿರಿ.